ಏಳನೆಯ ತಂಡಕ್ಕೆ ಬಡಿಸಿದ ಊಟ

ಬಡಿಸುವ ಸೌಟಿಗೆ ಅಡ್ಡವಾಗಿ ಬಂದ ಒಂದು ಕೈ. ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ಅಗಲವಾದ ಅಂಗೈ, ಬೆರಳ ಗಂಟುಗಳ ಮೇಲೆ ಹಳೆಯ ಗಾಯದ ಕಲೆಗಳು. "ಸಾಕು ಅಮ್ಮಾ" ಎನ್ನುತ್ತಾ ಆ ಕೈ ಎಲೆಯನ್ನು ಮುಚ್ಚುತ್ತಿತ್ತು. ನಾನು ನಗುತ್ತಾ ಅದರ ಪಕ್ಕದಿಂದಲೇ ಇನ್ನೊಂದು ಸೌಟು ಹುಳಿ ಬಿಡುತ್ತಿದ್ದೆ.

ಕೈ ರಿಗ್ಜಿನ್‌ನದು. ನಮ್ಮೂರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಅವನು, ದೂರದ ಹಿಮದ ನಾಡಿನವನು.

ನಮ್ಮೂರಿಗೂ ಆ ಆಟಕ್ಕೂ ಗಂಟು ಹಾಕಿದವರು ಐಸ್ ಕಾರ್ಖಾನೆಯ ಶ್ರೀಪಾದರಾಯರು. ಮೀನಿನ ವ್ಯಾಪಾರಿಗಳಿಗೂ ಸೋಡಾ ಅಂಗಡಿಗಳಿಗೂ ಐಸ್ ಗಡ್ಡೆ ಮಾರುತ್ತಿದ್ದ ಅವರು, ಎಲ್ಲೋ ಒಮ್ಮೆ ಆ ಆಟ ನೋಡಿ ಬಂದು ಹುಚ್ಚು ಹಿಡಿಸಿಕೊಂಡರು. ಕಾರ್ಖಾನೆಯ ದೊಡ್ಡ ಗೋದಾಮಿನ ನೆಲಕ್ಕೆ ಕೊಳವೆ ಹಾಸಿ, ನೀರನ್ನು ಹೆಪ್ಪುಗಟ್ಟಿಸಿ, ಸುತ್ತಲೂ ಬೆಂಚು ಹಾಕಿಸಿದರು. ಲೀಗಿನಲ್ಲಿ ಆಗ ಆರು ತಂಡಗಳಿದ್ದವು. ಏಳನೆಯದಾಗಿ ನಮ್ಮನ್ನು ಸೇರಿಸಿಕೊಂಡರು. ಷರತ್ತು ಒಂದೇ: ಮೊದಲ ವರ್ಷ ಒಂದಾದರೂ ಪಂದ್ಯ ಗೆಲ್ಲಬೇಕು. ಇಲ್ಲವಾದರೆ ತಂಡಕ್ಕೆ ಲೀಗಿನಲ್ಲಿ ಜಾಗವಿಲ್ಲ.

ಹಳೆಯ ತಂಡಗಳು ಹೊಸ ತಂಡಕ್ಕೆ ತಲಾ ಇಬ್ಬರು ಆಟಗಾರರನ್ನು ಬಿಟ್ಟುಕೊಡಬೇಕೆಂದು ನಿಯಮವಿತ್ತು. ಒಳ್ಳೆಯವರನ್ನು ಯಾರು ತಾನೆ ಬಿಟ್ಟುಕೊಟ್ಟಾರು? ಹೀಗೆ ಎಲ್ಲರಿಗೂ ಬೇಡವಾದ ಹನ್ನೆರಡು ಮಂದಿ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದರು. ಊರಿನಲ್ಲಿ ಹೋಟೆಲ್ ಇರಲಿಲ್ಲ. ನಮ್ಮ ಬೀದಿಯ ಮನೆಗಳು ಒಬ್ಬೊಬ್ಬರನ್ನು ಹಂಚಿಕೊಂಡವು. ನಮ್ಮ ಪಾಲಿಗೆ ರಿಗ್ಜಿನ್ ಬಂದ. ಎದುರುಮನೆಯ ಪದ್ದಕ್ಕನ ಪಾಲಿಗೆ ಅವರ ಜೊತೆಗೇ ಬಂದಿದ್ದ ಕೋಚ್ ಡಿಸಿಲ್ವಾ ಸಾಹೇಬರು.

"ಎಲ್ಲರಿಗಿಂತ ದಪ್ಪನೆಯವರನ್ನ ನಂಗೇ ಕಟ್ಟಿದರು ನೋಡು" ಎಂದು ಪದ್ದಕ್ಕ ಗೊಣಗಿದರೂ, ಅವತ್ತೇ ಒಂದು ಸೇರು ತುಪ್ಪ ಕಾಸಿದಳು.

ಪಂದ್ಯದ ದಿನವೆಂದರೆ ಬೀದಿಗೆ ಹಬ್ಬ. ಮಧ್ಯಾಹ್ನ ಮೂರಕ್ಕೆ ಆಟ, ಹನ್ನೆರಡೂವರೆಗೆ ಎಲೆ. ಹೋರಾಡಲು ಹೊರಟವರನ್ನು ಅರೆಹೊಟ್ಟೆಯಲ್ಲಿ ಕಳಿಸುವುದುಂಟೆ? ನಮ್ಮಲ್ಲಿ ಹೋಳಿಗೆಯಾದರೆ ಪದ್ದಕ್ಕನಲ್ಲಿ ಚಿರೋಟಿ, ಮೂಲೆಮನೆಯಲ್ಲಿ ಬಿಸಿಬೇಳೆ ಭಾತು. ಪರ ಊರಿನ ಪಂದ್ಯವಾದರೆ ಬುಟ್ಟಿಗಟ್ಟಲೆ ಬುತ್ತಿ ಬಸ್ಸು ಹತ್ತುತ್ತಿತ್ತು.

ತಂಡ ಸೋಲುತ್ತಲೇ ಹೋಯಿತು. ಮೊದಲ ಪಂದ್ಯ ಒಂಬತ್ತು ಗೋಲಿನಿಂದ, ಎರಡನೆಯದು ಏಳರಿಂದ. ನಮ್ಮವರು ಮಂಜಿನ ಮೇಲೆ ಮದುವೆ ಮನೆಯಿಂದ ಎದ್ದು ಬಂದವರ ಹಾಗೆ ತೇಲುತ್ತಿದ್ದರು. ಆ ಆಟದಲ್ಲಿ ಚೆಂಡಿನ ಬದಲಿಗಿರುವ ಕಪ್ಪು ಬಿಲ್ಲೆ ರಿಗ್ಜಿನ್‌ನ ಕಾಲ ಬಳಿಯೇ ಹಾದುಹೋದ ಮೇಲೆ ಅವನು ಬಗ್ಗುತ್ತಿದ್ದ. ಬೆಂಚಿನ ಮೇಲೆ ಕೋಚ್ ಸಾಹೇಬರು ತೂಕಡಿಸುತ್ತಿದ್ದರು. ಪಾಪ, ಕೊರಗಿ ಸೊರಗಿದ್ದಾರೆಂದು ಮುಂದಿನ ಪಂದ್ಯಕ್ಕೆ ನಾವು ಇನ್ನಷ್ಟು ಬಡಿಸಿದೆವು.

ಹನ್ನೊಂದು ಸೋಲಿನ ಮೇಲೆ ಉಳಿದದ್ದು ಒಂದೇ ಪಂದ್ಯ. ಅದರ ಹಿಂದಿನ ದಿನ ರಿಗ್ಜಿನ್ ಕಟ್ಟೆಯ ಮೇಲೆ ಕೂತು ಸ್ಕೇಟಿನ ಅಲಗು ಒರೆಸುತ್ತಿದ್ದ.

"ನಾಳೆಯೂ ಸೋತರೆ ಏನು ಮಾಡ್ತೀಯಪ್ಪಾ?"

"ಅಣ್ಣನ ಲಾರಿ ಇದೆ ಅಮ್ಮಾ. ಇದನ್ನೆಲ್ಲಾ ಮಾರಿ ಲಾರಿ ಓಡಿಸ್ತೀನಿ. ಇಷ್ಟು ತಂಡಕ್ಕೂ ಬೇಡದವನು ಇನ್ನೆಲ್ಲಿಗೆ ಹೋಗಲಿ?" ಎಂದು ನಕ್ಕ. ಆ ನಗು ನೋಡಲಾಗದೆ ನಾನು ಒಳಗೆ ಹೋದೆ.

ಮನಸ್ಸಿನಲ್ಲೇ ಮರುದಿನದ ಅಡಿಗೆಯ ಪಟ್ಟಿ ಹಾಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಪಂಚಾಂಗ ಹಿಡಿದು ಬಂದರು. "ಏನು ಪಟ್ಟಿ ಹಾಕ್ತಿದ್ದೀ? ನಾಳೆ ಏಕಾದಶಿ."

ನಮ್ಮ ಬೀದಿಯಲ್ಲಿ ಏಕಾದಶಿಯೆಂದರೆ ಒಂದು ಮನೆಯ ಒಲೆಯ ಮೇಲೂ ಅನ್ನದ ಪಾತ್ರೆ ಏರುವುದಿಲ್ಲ. "ಅತಿಥಿಗಾದರೂ ಬೇರೆ ಮಾಡಲೇ?" ಎಂದು ಕೇಳಿದ್ದಕ್ಕೆ ರಿಗ್ಜಿನ್ ಒಪ್ಪಲಿಲ್ಲ. "ಮನೆಯವರಿಗೆ ಇಲ್ಲದ್ದು ನನಗೂ ಬೇಡ." ಬೀದಿಯಲ್ಲಿದ್ದ ಹನ್ನೆರಡು ಮಂದಿಯೂ ಕೋಚ್ ಸಾಹೇಬರೂ ಅದನ್ನೇ ಹೇಳಿದರಂತೆ. ಪಂದ್ಯದ ದಿನ ಅವನಿಗೆ ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಒಂದು ಲೋಟ ಹಾಲು. ಅವತ್ತು ಕೈ ಅಡ್ಡ ಬರಲೇ ಇಲ್ಲ. ಅವನು ಗೇಟು ದಾಟುವಾಗ, ಹಸಿದ ಮಗುವನ್ನು ಪರೀಕ್ಷೆಗೆ ಕಳಿಸಿದವಳಂತೆ ಬೀದಿಯ ತಿರುವಿನವರೆಗೂ ಹಿಂದೆ ನಡೆದೆ.

ಆಟ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಪದ್ದಕ್ಕ ನನ್ನ ತೋಳು ಹಿಡಿದಳು. "ಇವರು ನಮ್ಮವರೇನೇ?"

ನಮ್ಮವರೇ. ಗಾಳಿಪಟದ ಹಾಗೆ ಹಾರುತ್ತಿದ್ದರು. ಕೋಚ್ ಸಾಹೇಬರು ಬೆಂಚಿನ ಮೇಲೆ ನಿಂತು ಕೂಗುತ್ತಿದ್ದರು. ಅವರ ದನಿ ಅಷ್ಟು ದೊಡ್ಡದೆಂದು ನಮಗೆ ಗೊತ್ತೇ ಇರಲಿಲ್ಲ. ಕೊನೆಯದಾದ ಮೂರನೆಯ ಅವಧಿ ಮುಗಿಯುವ ಹೊತ್ತಿಗೆ ನಾವು ಎರಡು, ಅವರು ಒಂದು. ಅವರಲ್ಲೊಬ್ಬ ಒಂಟಿಯಾಗಿ ನುಗ್ಗಿ ಬಂದು ಬಿಲ್ಲೆಯನ್ನು ಮೂಲೆಗೆ ಹೊಡೆದ. ರಿಗ್ಜಿನ್ ಉದ್ದಕ್ಕೆ ಜಾರಿ ಕಾಲು ಚಾಚಿದ. ಟಪ್ ಎಂದು ಸದ್ದಾಯಿತು. ಸೀಟಿ ಊದಿದಾಗಲೂ ಬಿಲ್ಲೆ ಅವನ ಹೊಟ್ಟೆಯ ಕೆಳಗೇ ಇತ್ತು.

ಗೋದಾಮಿನ ತಗಡು ಹಾರಿಹೋಗುವಂತೆ ಜನ ಕೂಗಿದರು. ಶ್ರೀಪಾದರಾಯರು ಅಳುತ್ತಾ, "ಎಲ್ಲಾ ಹರಿಯ ಕೃಪೆ! ಮುಂದಿನ ವರ್ಷ ಎಲ್ಲ ಪಂದ್ಯವೂ ಏಕಾದಶಿಗೇ ಇಡಿ ಅಂತ ಲೀಗಿಗೆ ಬರೀತೀನಿ" ಎಂದರು.

ಜನ್ಮದಲ್ಲಿ ಒಂದು ಏಕಾದಶಿಯನ್ನೂ ತಪ್ಪಿಸದ ನಮ್ಮತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ದೇವರೂ ಅಲ್ಲ, ದಿಂಡರೂ ಅಲ್ಲ. ಹೊಟ್ಟೆ ಹಗುರ ಇತ್ತು ಕಣೆ. ಇಷ್ಟು ದಿನ ಸೋಲಿಸಿದ್ದು ನಾವೇ."

ಮರುದಿನ ದ್ವಾದಶಿ. ಬೆಳಗಾಗುತ್ತಲೇ ಪಾರಣೆಯ ಊಟ. ಇಡೀ ತಂಡ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತು, ನಾಚಿಕೆಯಿಲ್ಲದೆ ಕೇಳಿ ಕೇಳಿ ಹಾಕಿಸಿಕೊಂಡಿತು.

"ಮೊದಲೇ ಹೇಳಬಾರದಿತ್ತೇನಪ್ಪಾ?" ಎಂದು ರಿಗ್ಜಿನ್‌ನನ್ನು ಕೇಳಿದೆ.

"ಪ್ರತಿ ಸಲವೂ ಹೇಳಿದೆನಲ್ಲಮ್ಮಾ. ಆದರೆ ನಮ್ಮೂರಲ್ಲಿ ಅತಿಥಿ ಮೂರು ಸಲ ಬೇಡ ಅನ್ನಲೇಬೇಕು, ಅದು ಮರ್ಯಾದೆ. ಮನೆಯವರು ನಾಲ್ಕನೇ ಸಲ ಬಡಿಸಲೇಬೇಕು."

"ಇಲ್ಲೂ ಹಾಗೇ!"

"ಹಾಗಾದರೆ ನಿಜವಾಗಿ ಬೇಡವಾದವನು ಏನನ್ನಬೇಕು?"

ಅತ್ತೆ ಬಿದ್ದು ಬಿದ್ದು ನಕ್ಕರು.

ಆಮೇಲೆ ಬೀದಿಯ ಹೆಂಗಸರು ಸೇರಿ ಒಂದು ಮಾತಿಗೆ ಬಂದೆವು: ಪಂದ್ಯದ ದಿನ ಹಣ್ಣು ಹಾಲು, ಪಂದ್ಯದ ಮರುದಿನ ಹಬ್ಬ. ಹೋಳಿಗೆ ಮಾಡದೆ ಇರುವುದು ಮಾಡುವುದಕ್ಕಿಂತ ಕಷ್ಟವೆಂದು ನಮಗೆ ಆಗ ಗೊತ್ತಾಯಿತು. ಎರಡನೆಯ ವರ್ಷ ನಾಲ್ಕು ಪಂದ್ಯ ಗೆದ್ದೆವು, ಮೂರನೆಯ ವರ್ಷ ಏಳು. ಲೀಗಿನ ಕಪ್ ಇನ್ನೂ ಬಂದಿಲ್ಲ. ಬರಲಿ, ಅವಸರವೇನಿಲ್ಲ.

ಆದರೆ ಗೆಲುವೆಂದರೆ ನನಗೆ ನೆನಪಾಗುವುದು ಆ ಮೊದಲ ವರ್ಷದ ಕೊನೆಯ ದಿನ. ರಿಗ್ಜಿನ್ ರಜೆಗೆ ಊರಿಗೆ ಹೊರಟಿದ್ದ. ಕೈಯಲ್ಲಿದ್ದದ್ದು ಒಂದು ಸಣ್ಣ ಚೀಲ ಮಾತ್ರ.

"ಉಳಿದ ಸಾಮಾನೆಲ್ಲ ಎಲ್ಲೋ?" ಎಂದು ಗಾಬರಿಯಾಗಿ ಕೇಳಿದೆ.

"ಹಿತ್ತಲಲ್ಲಿ ಒಣಹಾಕಿದ್ದೀನಿ ಅಮ್ಮಾ. ಬಿಸಿಲು ಹೋದ ಮೇಲೆ ಒಳಗಿಡಿ. ಮುಂದಿನ ವರ್ಷಕ್ಕೆ ಬೇಕಲ್ಲ."

ಬಸ್ಸು ಹೋದ ಮೇಲೆ ಹಿತ್ತಲಿಗೆ ಹೋದೆ. ನನ್ನ ಎರಡು ಸೀರೆಗಳ ನಡುವೆ, ತಂತಿ ಜಗ್ಗಿ ನೆಲ ಮುಟ್ಟುವ ಹಾಗೆ, ಗೋಲ್‌ಕೀಪರ್‌ನ ದಪ್ಪನೆಯ ಕಾಲಿನ ಪ್ಯಾಡುಗಳು ಜೋಡಿಯಾಗಿ ತೂಗುಬಿದ್ದಿದ್ದವು. ಗಾಳಿ ಬೀಸಿದಾಗ ಸೀರೆಗಳು ಹಾರಿದವು. ಅವು ಮಾತ್ರ ಅಲ್ಲಾಡಲಿಲ್ಲ.