ಎರಡನೇ ಸಟ್ಟುಗ

ತಕ್ಕಡಿಯ ಅಂಕಿ ನೂರ ನಲವತ್ತೆಂಟಕ್ಕೆ ಬಂದು ನಿಂತಿತು, ಇನ್ನೆರಡು ಗ್ರಾಂ, ಅಂದರೆ ಎಷ್ಟು ಅಗುಳು, ಮನೋರಮಾ ಸಟ್ಟುಗದ ತುದಿಯಿಂದ ಒಂದಿಷ್ಟು ಉದುರಿಸಿದಳು, ನೂರೈವತ್ತು, ಬೆಳ್ತಿಗೆ ಅಕ್ಕಿಯ ಅನ್ನದ ಹಬೆ ಕನ್ನಡಕಕ್ಕೆ ಹತ್ತಿ ಅಂಕಿ ಮಸುಕಾಯಿತು, ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು, ನೂರೈವತ್ತೇ. ಅನ್ನಕ್ಕೆ ನಲವತ್ತೆರಡು ಗ್ರಾಂ ಕಾರ್ಬು, ಸಾರಿಗೆ ಮೂರು, ಒಟ್ಟು ನಲವತ್ತೈದು — ಎರಡು ತಿಂಗಳ ಹಿಂದೆ ಇದೆಲ್ಲ ಎಲ್ಲಿತ್ತು, ವಾಮಂಜೂರಿನ ಶಾಲೆಯಲ್ಲಿ ಹದಿನಾಲ್ಕು ವರ್ಷ ಇದನ್ನೇ ಪಿಷ್ಟ ಎಂದು ಬೋರ್ಡಿನ ಮೇಲೆ ಬರೆದು ಅಳಿಸಿದವಳು, ಈಗ ಅದು ಸಕ್ಕರೆಯಾಗಿ ಮಗಳ ರಕ್ತದಲ್ಲಿ ಇದೆ, ಅಳಿಸಲಿಕ್ಕೆ ಡಸ್ಟರ್ ಇಲ್ಲ. ಕಂಡದ್ದಕ್ಕೆಲ್ಲ ಅಂಕಿ ಅಂಟಿಕೊಂಡಿದೆ, ಉರ್ವ ಮಾರ್ಕೆಟಿನ ಕದಳಿ ಗೊನೆಗೆ ಅಂಕಿ, ಗೆಣಸಿನ ರಾಶಿಗೆ ಅಂಕಿ, ನೀರುದೋಸೆ ಒಂದಕ್ಕೆ ಹನ್ನೆರಡು, ಮೊನ್ನೆ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಬನ್ಸ್ ತಿನ್ನುತ್ತಿದ್ದರೆ ಅವಳಿಗೆ ಎಷ್ಟು ಯೂನಿಟ್ಟು ಇನ್ಸುಲಿನ್ ಬೇಕು ಎಂದು ಲೆಕ್ಕ ಹಾಕಿ, ಅಯ್ಯೋ ನಿನಗೆ ಮರುಳು ಹಿಡಿಯಿತಾ ಎಂದು ತನ್ನನ್ನೇ ಬೈದುಕೊಂಡಳು. ಒಂಬತ್ತು ವರ್ಷದ ಸಿಂಧು ಮೇಜಿನ ಮುಂದೆ ಕಾಲಾಡಿಸುತ್ತ ಕೂತಿದ್ದಾಳೆ, ಚುಚ್ಚಿ ಹತ್ತು ನಿಮಿಷವಾಯಿತು, ನಾಲ್ಕು ಯೂನಿಟ್ಟು, ಒಳಗೆ ಹೋದ ಇನ್ಸುಲಿನ್ ಹಿಂದೆ ಬರುವುದಿಲ್ಲ, ಇನ್ನು ಅನ್ನ ಹೋಗಲೇಬೇಕು. ನಾಲ್ಕು. ಮೊದಲು ಮೂರಿತ್ತು, ಹದಿನೈದು ಗ್ರಾಂ ಕಾರ್ಬಿಗೆ ಒಂದು ಯೂನಿಟ್ಟು ಎಂದು ಹಂಪನಕಟ್ಟೆಯ ಕ್ಲಿನಿಕ್ಕಿನ ಹೆಲನ್ ಸಿಸ್ಟರ್ ಹೇಳಿಕೊಟ್ಟ ಲೆಕ್ಕ, ನಲವತ್ತೈದಕ್ಕೆ ಮೂರು, ಮಕ್ಕಳೂ ಮಾಡುವ ಭಾಗಾಕಾರ, ಆದರೂ ಊಟವಾಗಿ ಎರಡು ಗಂಟೆ ಬಿಟ್ಟು ರಕ್ತದ ಸಕ್ಕರೆ ನೋಡಿದರೆ ಇನ್ನೂರ ನಲವತ್ತು, ಮರುದಿನ ಇನ್ನೂರೈವತ್ತು, ಹದಿನೈದು ದಿನ ಇದೇ ಹಾಡು, ಮೇಡಂ ನೀವು ಮರೆತು ಎಂತಾದ್ರೂ ಹೆಚ್ಚು ಕೊಡ್ತೀರಾ, ಇಲ್ಲ ಸಿಸ್ಟರ್, ಒಂದು ಅಗುಳು ಹೆಚ್ಚಿಲ್ಲ, ದೇವರಾಣೆ, ಹಾಗಾದ್ರೆ ಮಗುವಿಗೆ ಮೂರು ಸಾಕಾಗುವುದಿಲ್ಲ, ಡಾಕ್ಟರ್ ನಾಲ್ಕು ಬರೆದಿದ್ದಾರೆ ನೋಡಿ. ನಾಲ್ಕಾಯಿತು. ಸಕ್ಕರೆಯ ಅಂಕಿ ನೂರೈವತ್ತಕ್ಕೆ ಇಳಿಯಿತು, ಮನೋರಮಾ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ನಿನ್ನೆಯವರೆಗೆ. ನಿನ್ನೆ ಶನಿವಾರ, ಅವಳಿಗೆ ಶಾಲೆಯಲ್ಲಿ ಮೀಟಿಂಗು, ದೇವಸ್ಥಾನದ ಮಧ್ಯಾಹ್ನದ ಪೂಜೆ ಮುಗಿಸಿ ಬಂದ ಗಂಡ ರಘುವೀರನೇ ಮಗಳಿಗೆ ಬಡಿಸಿದ್ದ, ಮದುವೆಯಾದ ಮೇಲೆ ಮೊದಲ ಸಲ ಮನೆಯಲ್ಲಿ ಸಟ್ಟುಗ ಹಿಡಿದದ್ದು ಎಂದರೂ ಸರಿಯೇ, ತೂಗಿದ, ನಾಲ್ಕು ಚುಚ್ಚಿದ, ಬಡಿಸಿದ, ಮೂರು ಗಂಟೆಗೆ ಇವಳು ಮೆಟ್ಟಿಲು ಹತ್ತಿ ಬರುವಾಗ ಸಿಂಧು ಹೊಸ್ತಿಲಲ್ಲಿ ಕೂತಿದ್ದಾಳೆ, ಹಣೆ ಬೆವತಿದೆ, ತುಟಿ ಬಿಳಿ, ಅಮ್ಮ ಎನ್ನಲಿಕ್ಕೂ ಆಗದೆ ಬರೇ ನೋಡುತ್ತಾಳೆ, ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಐವತ್ತೆರಡು, ಸಕ್ಕರೆ ನೀರಿನ ಲೋಟ ಅವಸರದಲ್ಲಿ ಬಾಯಿಗೆ ಹಿಡಿದು ಅರ್ಧ ನೀರು ಮಗುವಿನ ಫ್ರಾಕಿಗೆ, ಕಾಲು ಗಂಟೆ ಕಾಯಬೇಕು, ಆ ಕಾಲು ಗಂಟೆ, ಕೊನೆಗೆ ಎಂಬತ್ತೆಂಟು. ನೀವು ಸರಿ ತೂಗಲಿಲ್ಲ. ತೂಗಿದ್ದೇನೆ ಮಾರಾಯ್ತಿ, ನೂರೈವತ್ತೇ ಇತ್ತು. ಮತ್ತೆ ಹೇಗಾಯಿತು, ನಾನು ಬಡಿಸಿದರೆ ಆಗದ್ದು ನೀವು ಬಡಿಸಿದರೆ ಹೇಗಾಯಿತು ಹೇಳಿ. ಅವನು ಒದ್ದೆ ಫ್ರಾಕನ್ನು ಬಕೆಟಿಗೆ ಹಾಕಿದ, ಆಮೇಲೆ ತಕ್ಕಡಿಯ ಹತ್ತಿರ ಸುಳಿಯಲಿಲ್ಲ. ಇವತ್ತು ಬೆಳಿಗ್ಗೆ ಹೆಲನ್ ಸಿಸ್ಟರಿಗೆ ಫೋನು, ಡಾಕ್ಟರಲ್ಲಿ ಕೇಳಿದೆ ಮೇಡಂ, ಒಂದು ದಿನ ನೋಡಿ ಬದಲಿಸುವುದು ಬೇಡ, ಇವತ್ತು ನಾಲ್ಕೇ ಇರಲಿ, ಅನ್ನ ನೀವೇ ತೂಗಿ ಬಡಿಸಿ, ಗಂಟೆಗೊಮ್ಮೆ ನೋಡ್ತಾ ಇರಿ. ಹೆದರಿಕೆಯಲ್ಲೂ ಕೈ ಕೆಲಸ ಮಾಡುತ್ತದೆ, ತೂಗಿದ ಬಟ್ಟಲು ತಟ್ಟೆಗೆ ಬೋರಲಾಯಿತು, ಸಿಂಧು ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿದಳು, ಸಾರು ಬಿತ್ತು, ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸಿನ ಹಾರ್ನು, ಇಂಗಿನ ಒಗ್ಗರಣೆಯ ಪರಿಮಳ, ಸಟ್ಟುಗ ಪಾತ್ರೆಗೆ ಹೋಗಿದೆ, ತುಂಬಿದೆ, ತಟ್ಟೆಯ ಮೇಲೆ ಬಂದಿದೆ — ಅಮ್ಮ, ಇದು ಲೆಕ್ಕಕ್ಕೆ ಉಂಟಾ?

ಯಾವುದು ಮಗಾ. ಇದು, ಎರಡನೇದು, ನೀನು ದಿನಾ ಹಾಕ್ತೀಯಲ್ಲ, ಅಪ್ಪ ನಿನ್ನೆ ಹಾಕ್ಲೇ ಇಲ್ಲ.

ಸಟ್ಟುಗ ಗಾಳಿಯಲ್ಲಿ ನಿಂತಿತು. ಅವಳು ಅದನ್ನು ನೋಡಿದಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ತನ್ನ ಕೈಯನ್ನು ನೋಡಿದಳು, ಹತ್ತು ವರ್ಷದ ಮನೋರಮಾ ಅಜ್ಜನ ಎಲೆಗೆ ಅನ್ನ ಬಡಿಸಿ ಹಿಂದೆ ಸರಿಯುತ್ತಾಳೆ, ಅಜ್ಜಿ ಬಂದು ಮೊಣಕೈ ಹಿಡಿದು ನಿಲ್ಲಿಸುತ್ತಾಳೆ, ಒಂದೇ ಸಲ ಇಡುವುದು ಸತ್ತವರಿಗೆ ಹೆಣ್ಣೇ, ಇನ್ನೊಮ್ಮೆ ಹಾಕು, ನಾಲ್ಕು ಅಗುಳಾದರೂ ಹಾಕು, ಅಂದಿನಿಂದ ಈ ಕೈ ಯಾರಿಗೂ ಒಂದೇ ಸಲ ಬಡಿಸಿಲ್ಲ, ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಹೇಳಿದ ದಿನ ಮಗಳ ಬಾಯಿಗೆ ಗಂಜಿ ಇಟ್ಟಾಗಲೂ ಇನ್ನೊಂದು ಚಮಚ, ಇನ್ನೊಂದೇ ಒಂದು. ಗಂಡಸರಿಗೆ ಈ ಪಾಠ ಯಾರೂ ಹೇಳುವುದಿಲ್ಲ, ಅವರು ಬಡಿಸುವ ಊಟದ ಪಂಕ್ತಿಯಲ್ಲಿ ಎರಡನೇ ಸುತ್ತಿಗೆ ಬೇರೆಯವರು ಬರುತ್ತಾರೆ. ಒಂದು ಅಗುಳು ಹೆಚ್ಚಿಲ್ಲ ಎಂದು ದೇವರ ಆಣೆ ಹಾಕಿದಳಲ್ಲ, ಸುಳ್ಳು ಹೇಳಿದ್ದಲ್ಲ, ಇದು ಅನ್ನವೆಂದೇ ಅವಳಿಗೆ ಅನ್ನಿಸಿರಲಿಲ್ಲ. ಖಾಲಿ ಬಟ್ಟಲನ್ನು ತಕ್ಕಡಿಗಿಟ್ಟು ಸೊನ್ನೆ ಮಾಡಿ ಸಟ್ಟುಗ ಕವುಚಿದಳು, ನಲವತ್ತಾರು ಗ್ರಾಂ, ಹದಿಮೂರು ಕಾರ್ಬು, ಹೆಚ್ಚುಕಡಿಮೆ ಒಂದು ಯೂನಿಟ್ಟು, ನಾಲ್ಕನೆಯದು. ಮಗು ಬದುಕಲಿ ಎಂದು ಹಾಕಿದ್ದು, ಅದಕ್ಕೇ ಮದ್ದು ಏರಿತು, ಆ ಮದ್ದಿಗೇ ನಿನ್ನೆ ಹೊಸ್ತಿಲಲ್ಲಿ — ಬೇಡ, ಅದನ್ನು ಈಗ ನೆನೆಸುವುದು ಬೇಡ. ನಾಳೆಯಿಂದ ನೂರೈವತ್ತರಲ್ಲೇ ಒಂದು ಸಟ್ಟುಗ ಬದಿಗೆ ತೆಗೆದಿಟ್ಟರಾಯಿತು, ಎರಡು ಸಲವೂ ಬಿದ್ದ ಹಾಗಾಯಿತು, ಲೆಕ್ಕವೂ ತಪ್ಪುವುದಿಲ್ಲ, ಸಿಸ್ಟರಿಗೆ ಹೇಳಬೇಕು, ಮೂರೇ ಸಾಕಿತ್ತೋ ಏನೋ, ಅದಕ್ಕೆ ಮೊದಲು ಇವರಿಗೆ ಹೇಳಬೇಕು, ಇಲ್ಲಿ ಬನ್ನಿ ಒಮ್ಮೆ, ರಘುವೀರ ಬಾಗಿಲಲ್ಲಿ ಬಂದು ನಿಂತ, ಒಳಗೆ ಬರಲಿಲ್ಲ, ಎಂತಾಯ್ತು, ನೀವು ಸರಿಯೇ ತೂಗಿದ್ದು, ತಪ್ಪಿದ್ದು ನಾನು, ಅವನು ತಕ್ಕಡಿಯ ಅಂಕಿ ನೋಡಿದ, ಅವಳ ಮುಖ ನೋಡಿದ, ನಿಧಾನ ಒಳಗೆ ಬಂದು ಮಗಳ ಬದಿಯ ಕುರ್ಚಿ ಎಳೆದು ಕೂತ. ಇವತ್ತು ಒಳಗೆ ನಾಲ್ಕು ಹೋಗಿದೆ, ಇವತ್ತು ಇದು ಬೀಳಲೇಬೇಕು, ಅಷ್ಟನ್ನೂ ಮತ್ತೆ ಸಟ್ಟುಗಕ್ಕೆ ತುಂಬಿದಳು, ಬಡಿಸು ಅಮ್ಮ, ಸಾರು ತಣಿಯುತ್ತದೆ, ಹೌದು ಮಗಾ, ಮೂವತ್ತು ವರ್ಷದಲ್ಲಿ ಮೊದಲ ಸಲ ಲೆಕ್ಕಕ್ಕೆ ಬಂದದ್ದು, ಸಿಂಧು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ, ಇಷ್ಟು ವರ್ಷ ತಾನಾಗಿ ಓರೆಯಾದ ಕೈ ಈಗ ತಿಳಿದು ಓರೆಯಾಗಬೇಕು, ಆಗುವುದಿಲ್ಲ, ಸಟ್ಟುಗ, ಎರಡನೇದು, ಹಬೆಯಾಡುತ್ತ, ಗಾಳಿಯಲ್ಲಿ.