ಮೇಷ್ಟ್ರ ಕಿವಿ, ಕಾರಿನ ಹಾಡು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ವೈರಿಂಗ್ ಅಕ್ಕ ಅಂತ. ಕಾರಿನ ತಂತಿಗಳ ವಿಷಯಕ್ಕೆ ಬಂದರೆ ಅಲ್ಲಿ ಅವಳ ಮಾತೇ ಮಾತು. ಹದಿನಾರು ವರ್ಷದಿಂದ ಅದೇ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಬೇರೆಯವರು ಕೈಚೆಲ್ಲಿ ಕೂತ ಕಾರುಗಳೇ ಅವಳ ಹತ್ತಿರ ಬರುತ್ತಿದ್ದದ್ದು ಹೆಚ್ಚು.

ಒಂದು ಮಂಗಳವಾರ ಬೆಳಿಗ್ಗೆ ಅವಳ ಭಾವ ಕಾರು ತಂದು ನಿಲ್ಲಿಸಿದರು. ಅವಳ ಸ್ವಂತ ಅಕ್ಕನ ಗಂಡ, ಸಂಗೀತದ ಮೇಷ್ಟ್ರು. ಆಳು ಎಷ್ಟು ಎತ್ತರವೆಂದರೆ ಕಾರಿನಿಂದ ಇಳಿಯುವುದನ್ನು ನೋಡಿದರೆ ಮಡಿಸಿಟ್ಟ ಏಣಿ ಬಿಚ್ಚಿದ ಹಾಗಿರುತ್ತಿತ್ತು. ಯಾವಾಗಲೂ ನಾದಿನಿಯನ್ನು ರೇಗಿಸಿಕೊಂಡೇ ಬರುವ ಮನುಷ್ಯ ಅವತ್ತು ಸಪ್ಪಗಿದ್ದರು.

ಮೂರು ತಿಂಗಳ ಹಿಂದೆ ಡಿಕ್ಕಿಯಲ್ಲಿ ಹೊಸ ಆಂಪ್ಲಿಫೈಯರ್ ಹಾಕಿಸಿದ್ದರು. ಆವತ್ತಿನಿಂದ ಹಾಡು ನಡುನಡುವೆ ಸತ್ತು ಬದುಕುತ್ತಿತ್ತು. ಎರಡು ಅಂಗಡಿಯವರು ನೋಡಿ, ಏನೂ ತೊಂದರೆಯಿಲ್ಲ ಅಂತ ವಾಪಸ್ ಕಳಿಸಿದ್ದರು. ಮೇಷ್ಟ್ರ ಹೆಂಡತಿ, ಅವಳ ಅಕ್ಕ, ತಾನೇ ಒಂದು ವಾರ ಕಾರು ಓಡಿಸಿದಳು. ಒಮ್ಮೆಯೂ ಹಾಡು ನಿಲ್ಲಲಿಲ್ಲ. ಆಮೇಲೆ ಅವಳು ಗಂಡನಿಗೆ ಹೇಳಿದ್ದು, ಕಾರಲ್ಲ, ಕಿವಿ ತೋರಿಸಿಕೊಳ್ಳಿ ಅಂತ.

"ಪಾಠ ಮಾಡುವಾಗಲೂ ಈಗ ಅನುಮಾನ ಬರ್ತಿದೆ ಕಣಮ್ಮ," ಅಂದರು ಮೇಷ್ಟ್ರು, ದನಿ ತಗ್ಗಿಸಿ. "ಮೊನ್ನೆ ಒಂದು ಹುಡುಗಿ ತಪ್ಪು ಹಾಡಿದಳು ಅನ್ನಿಸಿತು. ತಿದ್ದೋಕೆ ಧೈರ್ಯ ಬರಲಿಲ್ಲ."

ಅವಳು ನಂಬಲಿಲ್ಲ. ಈ ಮನುಷ್ಯ ಪಕ್ಕದ ಮನೆಯ ಫ್ಯಾನು ಯಾವ ಶ್ರುತಿಯಲ್ಲಿ ತಿರುಗುತ್ತಿದೆ ಅಂತ ಹೇಳುವವರು. ಅವರಿಗೆ ಕಿವಿ ಕೈಕೊಡುವುದೆಂದರೇನು?

"ಹಾಡು ನಿಂತಿತು ಅಂತ ನೀವಂದರೆ ನಿಂತಿರುತ್ತೆ ಭಾವ," ಅಂದಳು. "ಹಿಡಿದು ಕೊಡ್ತೀನಿ, ಕೂತ್ಕೊಳ್ಳಿ."

ಹಾಡು ಜೋರಾಗಿ ಹಾಕಿ, ಮೀಟರ್ ಹಿಡಿದು ಆಂಪ್ಲಿಫೈಯರಿಗೆ ಬರುವ ಕರೆಂಟು ನೋಡಿದಳು. ಅಂಕಿ ಕದಲಲಿಲ್ಲ, ಕರೆಂಟು ಸರಿಯಾಗೇ ಬರುತ್ತಿತ್ತು. ಕಾರಿನ ತಗಡಿಗೆ ಕೊಟ್ಟ ಅರ್ತಿಂಗ್ ಬೋಲ್ಟು ಎಳೆದು ನೋಡಿದಳು, ಗಟ್ಟಿಯಾಗಿತ್ತು. ಸೀಟು ಮುಂದೆ ಎಳೆದುಕೊಂಡು ಕೂತು ಹಿಂದಿನ ಗುಂಡಿಬಿದ್ದ ರಸ್ತೆಯಲ್ಲಿ ಎರಡು ಸುತ್ತು ಹೊಡೆದಳು. ಹಾಡು ಹಾಡುತ್ತಲೇ ಇತ್ತು. ಮೇಷ್ಟ್ರ ಮುಖ ಇನ್ನಷ್ಟು ಇಳಿಯಿತು.

ಅವಳು ಸೋಲುವ ಪೈಕಿಯಲ್ಲ. ಈಗ ನೀವು ಓಡಿಸಿ ಅಂದಳು. ಹಿಂದಿನ ಸೀಟು ಮಡಿಸಿ, ಡಿಕ್ಕಿಯೊಳಗೆ ಆಂಪ್ಲಿಫೈಯರಿನ ಹಸಿರು ದೀಪ ಕಾಣುವ ಹಾಗೆ ಮುದುರಿ ಕೂತಳು. ಮೇಷ್ಟ್ರು ಗೊಣಗುತ್ತಾ ಸೀಟನ್ನು ಕಟಕಟ ಅಂತ ಕೊನೆಯವರೆಗೂ ಹಿಂದಕ್ಕೆ ತಳ್ಳಿ ಹೊರಟರು. ಮೊದಲನೇ ಗುಂಡಿಗೇ ಹಾಡು ಕತ್ತರಿಸಿದಂತೆ ನಿಂತಿತು. ಹಸಿರು ದೀಪ ಕೆಂಪಾಯಿತು. ಎರಡು ಕ್ಷಣ ಬಿಟ್ಟು ಮತ್ತೆ ಹಸಿರು, ಮತ್ತೆ ಹಾಡು.

"ಕೇಳಿಸಿತಾ?" ಅಂದರು ಮೇಷ್ಟ್ರು.

"ಕೇಳಿಸಿತು, ಕಣ್ಣಲ್ಲೂ ಕಂಡೆ. ನಿಮ್ಮ ಕಿವಿಗೆ ಏನೂ ಆಗಿಲ್ಲ."

ಎಲ್ಲೋ ಒಂದು ಸ್ಪೀಕರ್ ತಂತಿ ಕಾರಿನ ತಗಡಿಗೆ ತಾಗುತ್ತಿದೆ, ಸುಟ್ಟುಹೋಗದಿರಲಿ ಅಂತ ಆಂಪ್ಲಿಫೈಯರ್ ತಾನಾಗಿಯೇ ಬಾಯಿ ಮುಚ್ಚುತ್ತಿದೆ. ಅಷ್ಟು ಅವಳಿಗೆ ಆ ಕೆಂಪು ದೀಪವೇ ಹೇಳಿತ್ತು. ಆದರೆ ಇವರು ಕೂತಾಗ ಮಾತ್ರ ಯಾಕೆ? ಶೆಡ್ಡಿಗೆ ಬಂದು ಇಳಿಯುವಾಗ ಸೀಟಿನ ಮೇಲೆ ಕಣ್ಣು ಬಿತ್ತು. ತಾನು ಕುಳ್ಳಿ, ಅಕ್ಕನೂ ಕುಳ್ಳಿ, ಆ ಅಂಗಡಿಯವರೂ ಇಷ್ಟುದ್ದ ಇದ್ದಿರಲಾರರು. ಸೀಟನ್ನು ಅಷ್ಟು ಹಿಂದಕ್ಕೆ ತಳ್ಳುವವರು ಭಾವ ಒಬ್ಬರೇ.

ಸ್ಪೀಕರ್ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಒಂದೊಂದಕ್ಕೇ ಮೀಟರಿನ ಒಂದು ತುದಿ ಕೊಟ್ಟು, ಇನ್ನೊಂದನ್ನು ಕಾರಿನ ತಗಡಿಗೆ ಹಿಡಿದಳು. ಭಾವನಿಗೆ ಸೀಟಲ್ಲಿ ಕೂತು ಹಿಂದೆ ಮುಂದೆ ಸರಿದು, ಗುಂಡಿಗೆ ಇಳಿದ ಹಾಗೆ ಮೈ ಕುಲುಕಲು ಹೇಳಿದಳು. ಮೂರನೇ ತಂತಿಗೆ, ಸೀಟು ಕೊನೆ ಮುಟ್ಟಿ ಅವರು ಕುಲುಕುತ್ತಿದ್ದಂತೆ, ಮೀಟರ್ ಪೀಂ ಅಂತು. ಮುಂದೆ ಸರಿದರು, ಸುಮ್ಮನಾಯಿತು.

"ನಿನ್ನ ಮೀಟರ್ ಶ್ರುತಿ ಒಂಚೂರು ಏರಿದೆ," ಅಂದರು ಮೇಷ್ಟ್ರು. ಅವಳು ಹಳೇ ಭಾವನನ್ನು ಕಂಡು ನಕ್ಕುಬಿಟ್ಟಳು.

ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರೆ ಕಳ್ಳ ಅಲ್ಲೇ ಇದ್ದ. ಫಿಟ್ ಮಾಡಿದವರು ಹತ್ತಿರದ ದಾರಿ ಅಂತ ತಂತಿಯನ್ನು ಸೀಟಿನ ಹಳಿಯ ಕೆಳಗೇ ಎಳೆದಿದ್ದರು. ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ಉಗುರಗಲ ತಾಮ್ರ ಮಿನುಗುತ್ತಿತ್ತು. ಅವಳು ತಂತಿಯನ್ನು ಪೂರ್ತಿ ಬದಲಿಸಿ, ಬಾಗಿಲಿನ ಅಂಚಿನುದ್ದಕ್ಕೂ ತಂದು, ಗೇಣಿಗೊಂದು ಕ್ಲಿಪ್ ಹೊಡೆದಳು. ಸುಲಿದ ತುಂಡನ್ನು ಭಾವನ ಕೈಗಿಟ್ಟು, ಇದನ್ನು ಅಕ್ಕನಿಗೆ ತೋರಿಸಿ ಅಂದಳು. ಅವರು ಅದನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಆಮೇಲೆ ಇಬ್ಬರೂ ಮತ್ತೆ ಅದೇ ರಸ್ತೆಗೆ ಹೋದರು. ಮೇಷ್ಟ್ರು ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಹುಡುಕಿ ಹುಡುಕಿ ಇಳಿಸಿದರು. ಹಾಡು ಎಲ್ಲೂ ತುಂಡಾಗಲಿಲ್ಲ. ಅರ್ಧ ದಾರಿಯಲ್ಲಿ ಅವರೂ ದನಿ ಸೇರಿಸಿದರು, ಮೊದಲು ಮೆಲ್ಲಗೆ, ಆಮೇಲೆ ಗಂಟಲು ಬಿಚ್ಚಿ. ಶೆಡ್ಡು ಬಂದರೂ ಕಾರು ನಿಲ್ಲಿಸದೆ, ಇನ್ನೊಂದು ಸುತ್ತು ಹೋಗಲಾ ಅಂತ ಕೇಳಿದರು. ಒಳಗೆ ಇನ್ನೆರಡು ಕಾರು ಬಾನೆಟ್ ತೆರೆದುಕೊಂಡು ಕಾಯುತ್ತಿದ್ದವು. ಹೋಗಿ ಭಾವ ಅಂದು, ಅವಳು ಸೀಟಿಗೆ ಬೆನ್ನು ಕೊಟ್ಟು ಕೂತಳು.