ಯಂತ್ರದ ಕಣ್ಣಿಗೆ ಕುಂಕುಮ

“ಒಂಬತ್ತನೇ ಕ್ಲಾಸ್ ಫೇಲಾದವನಿಗೆ ಯಂತ್ರದ ಹಣೆ ಯಾವುದು, ಕಣ್ಣು ಯಾವುದು ಅಂತ ಹೇಗೆ ಗೊತ್ತಾಗಬೇಕು ಸರ್?”

ಇಲ್ಲಿ ಥೀಸಿಸ್ ಮಾಡುತ್ತಿದ್ದ ಶ್ರೀಕರ ಇದನ್ನ ಮೊದಲು ಹಿಂದಿಯಲ್ಲಿ ಹೇಳಿದ, ಲ್ಯಾಬಿನಲ್ಲಿದ್ದ ಹನ್ನೆರಡು ಜನಕ್ಕೂ ತಿಳಿಯಲಿ ಅಂತ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ, ನನಗೆ ಸರಿಯಾಗಿ ನಾಟಲಿ ಅಂತ. ಎಲ್ಲರೂ ನಕ್ಕರು. ಪ್ರೊಫೆಸರ್ ಮಿಹಿರ್ ಸರ್ ಮಾತ್ರ ನಗಲಿಲ್ಲ. ಕನ್ನಡಕ ಮೇಲೇರಿಸಿ ನನ್ನನ್ನ ನೋಡಿದರು, ನೆಲಕ್ಕೆ ಚೆಲ್ಲಿದ ಎಣ್ಣೆ ನೋಡುವ ಹಾಗೆ.

ನಾನು ಫೇಲಾದವನಲ್ಲ, ಬಿಟ್ಟವನು. ಆ ವ್ಯತ್ಯಾಸ ಡಿಗ್ರಿ ಓದುವವರಿಗೆ ತಿಳಿಯೋದಿಲ್ಲ. ಗದಗಿನಲ್ಲಿ ಲೇತ್ ಮುಂದೆ ನಿಂತು ಕೆಲಸ ಕಲಿತೆ. ಅಕ್ಕ ಸುಲೋಚನಾಳ ಗಂಡನಿಗೆ ಕೋಲ್ಕತ್ತಾಗೆ ವರ್ಗವಾದಾಗ ಅವರ ಜೊತೆ ಬಂದು ಇಲ್ಲಿನ ಕಸ್ಬಾ ಬಡಾವಣೆಯಲ್ಲಿ ಉಳಿದೆ. ಈಗ ಈ ಯೂನಿವರ್ಸಿಟಿಯ ರೋಬಾಟಿಕ್ಸ್ ಲ್ಯಾಬಿನಲ್ಲಿ ಫಿಟ್ಟರ್. ಹುಡುಗರು ಬಂಗಾಳಿ ಬಾಯಲ್ಲಿ ‘ರೊಂಗೊದಾ’ ಅಂತಾರೆ. ರಂಗನಾಥ ಅನ್ನಲಿಕ್ಕೆ ಅವರಿಗೆ ನಾಲಿಗೆ ಹೊರಳೋದಿಲ್ಲ.

ಅವತ್ತು ವಿಶ್ವಕರ್ಮ ಪೂಜೆ. ಊರಿನ ಆಕಾಶದ ತುಂಬ ಗಾಳಿಪಟ, ಎಲ್ಲ ಕಾರ್ಖಾನೆಗಳಲ್ಲೂ ಯಂತ್ರಗಳಿಗೆ ಹೂವು, ರಜೆ. ನಮ್ಮ ಲ್ಯಾಬಿನಲ್ಲೂ ಚೆಂಡುಹೂವಿನ ಹಾರ ಕಟ್ಟಿದ್ದೆವು. ಶ್ರೀಕರ ಬೆಂಗಳೂರಿನ ತಾಯಿಗೆ ವಿಡಿಯೋ ಕಾಲ್ ಮಾಡಿ ತೋರಿಸುತ್ತಿದ್ದ. ವಿಶಾಲಾಕ್ಷಮ್ಮ ಅಲ್ಲಿಂದಲೇ ಅಂದರು, “ನಮ್ಮ ಆಯುಧ ಪೂಜೆ ಥರಾನೇ ಅಲ್ವೇನೋ? ನಿನ್ನ ಮೆಷಿನ್ನಿಗೆ ನಿನ್ನ ಕೈಯಾರೆ ಒಂಚೂರು ಕುಂಕುಮ ಇಡು ಕಂದ, ಪಾಸಾಗ್ತೀಯ.”

ಇವನು ಕುಂಕುಮಕ್ಕೆ ನಾಲ್ಕು ಹನಿ ಎಣ್ಣೆ ಕಲಸಿ, ಫೋನಿನಲ್ಲಿ ತಾಯಿಯ ಮುಖ ನೋಡುತ್ತಲೇ ಬೆರಳು ಚಾಚಿದ. ಯಂತ್ರದ ತೋಳಿನ ಬುಡದಲ್ಲಿ ಒಂದು ದುಂಡನೆಯ ಕಪ್ಪು ಗಾಜಿದೆ. ನೋಡಿದರೆ ಹಣೆಯ ಹಾಗೇ ಇದೆ. ಆದರೆ ಅದು ಕಣ್ಣು. ಮನುಷ್ಯ ಹತ್ತಿರ ಬಂದರೆ ತೋಳಿಗೆ ನಿಧಾನ ಮಾಡು ಅನ್ನೋದು ಅದು, ಇನ್ನೂ ಹತ್ತಿರ ಬಂದರೆ ನಿಲ್ಲು ಅನ್ನೋದು ಅದು. “ಅಲ್ಲಿ ಬ್ಯಾಡಲೇ!” ಅಂತ ನಾನು ಕೂಗುವಷ್ಟರಲ್ಲಿ ಬೊಟ್ಟು ಬಿದ್ದಿತ್ತು. ಗಾಬರಿಯಲ್ಲಿ ಅವನು ಸ್ಯಾನಿಟೈಸರ್ ಸುರಿದು ತಿಕ್ಕಿದ. ಅದು ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ಕು. ಮುದುಕರ ಕಣ್ಣಿಗೆ ಪೊರೆ ಬಂದ ಹಾಗೆ ಬೆಳ್ಳಗಾಯಿತು, ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿತು, ಮಿಹಿರ್ ಸರ್ ಒಳಗೆ ಬಂದು ಯಾರು ಮಾಡಿದ್ದು ಅಂತ ಕೇಳಿದರು. ಇವನು ನನ್ನ ಕಡೆ ಬೆರಳು ತೋರಿಸಿದ. ಆ ಬೆರಳಲ್ಲಿ ಇನ್ನೂ ಕುಂಕುಮ ಇತ್ತು. ಯಾರೂ ನೋಡಲಿಲ್ಲ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಎರಡು ವರ್ಷ ಭಾನುವಾರ ಭಾನುವಾರ ನಮ್ಮ ಅಕ್ಕನ ಕೈಯ ಜೋಳದ ರೊಟ್ಟಿ ತಿಂದವನು ಇವನು. ಮೊದಲ ಸೆಮಿಸ್ಟರಿನಲ್ಲಿ ಕಂಪ್ಯೂಟರಿನೊಳಗೆ ಇವನ ಯಂತ್ರದ ತೋಳು ಹಂಸದ ಹಾಗೆ ತಿರುಗುತ್ತಿತ್ತು, ನಿಜವಾದ ತೋಳು ಚಳಿ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕಂಪ್ಯೂಟರಿನೊಳಗಿನ ಕೈಗೆ ಭಾರವೇ ಇರೋದಿಲ್ಲ, ಅದನ್ನ ಇವರಿಗೆ ಯಾವ ಪುಸ್ತಕವೂ ಹೇಳೋದಿಲ್ಲ. ಓದು ಬಿಟ್ಟು ಹೋಗ್ತೀನಿ ಅಂತ ಅತ್ತವನನ್ನ ಕೂರಿಸಿಕೊಂಡು, ಒಂದೊಂದೇ ಕೀಲು ಬಿಚ್ಚಿ ಬೋಲ್ಟು ಬಿಗಿದುಕೊಟ್ಟವನು ನಾನು. ಹೇಳಿಯಾನು, ತಾನೇ ಹೇಳಿಯಾನು ಅಂತ ಕಾದೆ.

ಹೊಸ ಗಾಜು ಹೊರದೇಶದಿಂದ ಬರಲಿಕ್ಕೆ ಮೂರು ವಾರ. ಕಂಪನಿಗಳ ದೊಡ್ಡ ಮನುಷ್ಯರು ಯಂತ್ರ ನೋಡಲಿಕ್ಕೆ ಬರೋದು ಎರಡು ದಿನಕ್ಕೆ. “ಅವತ್ತು ತೋರಿಸದಿದ್ದರೆ ನಿನ್ನ ಥೀಸಿಸ್ ಮುಂದಿನ ಸೆಮಿಸ್ಟರಿಗೆ,” ಅಂದುಬಿಟ್ಟರು ಮಿಹಿರ್ ಸರ್ ಶ್ರೀಕರನಿಗೆ. ತೋರಿಸಬೇಕಾದ್ದು ಇಷ್ಟೇ: ತೋಳು ತಟ್ಟೆಯಿಂದ ಟೀ ತುಂಬಿದ ಮಣ್ಣಿನ ಕುಡಿಕೆ, ಇಲ್ಲಿಯವರ ‘ಭಾಂಡ್’, ಎತ್ತಿಕೊಂಡು ತಿರುಗಬೇಕು, ಎದುರಿಗೆ ಮನುಷ್ಯನನ್ನ ಕಂಡು ನಿಧಾನವಾಗಬೇಕು, ಅವನ ಕೈಗೆ ಕೊಡಬೇಕು.

ಮರುದಿನ ಬೆಳಿಗ್ಗೆ ಪ್ಯಾನೆಲ್ ತೆರೆದರೆ ಒಳಗೆ ಒಂದು ನೀಲಿ ತಂತಿ. ಕಣ್ಣನ್ನ ಬದಿಗೆ ಬಿಟ್ಟು, ಎಲ್ಲ ಸರಿ ಇದೆ ಅಂತ ಯಂತ್ರವನ್ನ ನಂಬಿಸುವ ತಂತಿ.

“ಇದನ್ನ ಯಾರು ಹಾಕಿದ್ದು?”

“ನಾಳೆವರೆಗೆ ಮಾತ್ರ ಕಣೋ,” ಅಂದ ಶ್ರೀಕರ.

“ಅದಕ್ಕ ನೀ ಕಾಣೂದೇ ಇಲ್ಲಲೇ.”

“ನಾನು ಅದಕ್ಕೆ ಕಾಣೋದು ಬೇಡ, ಅದು ನನಗೆ ಕಂಡ್ರೆ ಸಾಕು. ಏಳನೇ ಸೆಕೆಂಡಿಗೆ ನಿಧಾನ ಆಗೋ ಹಾಗೆ ಬರೆದಿದೀನಿ. ಏಳು ಎಣಿಸಿ ಕೈ ಚಾಚ್ತೀನಿ.”

“ಆರಕ್ಕ ಚಾಚಿದ್ರ?”

“ನಾನೇನು ಒಂಬತ್ತನೇ ಕ್ಲಾಸಾ? ಎಣಿಸೋಕೆ ಬರುತ್ತೆ.”

ನಾನು ಮೂಲೆಯಲ್ಲಿದ್ದ ಕಸಬರಿಗೆಯ ಕೋಲು ತಂದೆ, ಯಂತ್ರ ಓಡಿಸು ಅಂದೆ, ಆರಕ್ಕೆ ಕೋಲನ್ನ ತೋಳಿನ ದಾರಿಗೆ ಹಿಡಿದೆ. ಸದ್ದು ದೊಡ್ಡದೇನಲ್ಲ, ಕಬ್ಬು ಮುರಿದ ಹಾಗೆ. ಅರ್ಧ ಕೋಲು ಗೋಡೆಗೆ ಬಡಿದು ಬಿತ್ತು. ತೋಳು ನಿಲ್ಲಲೇ ಇಲ್ಲ, ಏನೂ ಆಗದವರ ಹಾಗೆ ಹೋಗಿ ಏಳಕ್ಕೆ ನಯವಾಗಿ ನಿಧಾನವಾಯಿತು. ಶ್ರೀಕರ ನಕ್ಕ. ನಗುತ್ತಲೇ ತನ್ನ ಬಲಗೈ ಮಣಿಕಟ್ಟನ್ನ ಎಡಗೈಯಲ್ಲಿ ಹಿಡಿದುಕೊಂಡ.

ಮಿಹಿರ್ ಸರ್ ಹತ್ತಿರ ಹೋಗಿ ನೀಲಿ ತಂತಿಯ ವಿಷಯ ಹೇಳಿದೆ. “ಗಾಜು ಕೆಡಿಸಿದವನೇ ಸೇಫ್ಟಿ ಪಾಠ ಹೇಳ್ತಿದಾನೆ,” ಅಂದರು. ನಾನು ಕೆಡಿಸಿದ್ದಲ್ಲ, ಅವನನ್ನೇ ಕೇಳಿ ಅಂದೆ. ಶ್ರೀಕರ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಕೇಳೋದೇನಿದೆ,” ಅಂತ ಸರ್ ಎದ್ದು ಹೋದರು.

ಅವತ್ತು ಇಡೀ ದಿನ ಅವನು ಅಭ್ಯಾಸ ಮಾಡಿದ. ತುಟಿಯಲ್ಲೇ ಎಣಿಸೋದು, ಕೈ ಚಾಚೋದು. ನಲವತ್ತು ಸಲ. ಮೂವತ್ತೊಂಬತ್ತು ಸಲ ಸರಿಯಾಯಿತು. ಒಂದು ಸಲ ಅಂಗಿಯ ತೋಳಿನ ಗುಂಡಿ ಹಾರಿಹೋಯಿತು. ಅವನು ಅತ್ತ ಇತ್ತ ನೋಡಿ ತೋಳು ಮಡಚಿಕೊಂಡ.

ನಲವತ್ತೂ ಸಲ ಒಂದೇ ಭಾಂಡ್ ಇಟ್ಟುಕೊಂಡಿದ್ದ. ಅದನ್ನ ನಾನು ಗಮನಿಸಿದ್ದೆ.

ಮೂರನೇ ದಿನ ಹತ್ತು ಗಂಟೆಗೆ ಜನ ಬಂದರು. ಸೂಟು, ಹೂಗುಚ್ಛ, ಕ್ಯಾಮೆರಾ. ಯಂತ್ರ ಓಡಿಸುವ ಮುಂಚೆ ಫಿಟ್ಟರ್ ಎಲ್ಲ ಪರೀಕ್ಷೆ ಮಾಡಿದ್ದಾನೆ ಅಂತ ರಿಜಿಸ್ಟರಿನಲ್ಲಿ ಸಹಿ ಬೀಳಬೇಕು. ಮಿಹಿರ್ ಸರ್ ಪೆನ್ನು ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. “ಬರೆಯೋಕೂ ಬರಲ್ವೇನೋ,” ಅಂತ ನಕ್ಕು ತಾವೇ ಸಹಿ ಹಾಕಿದರು.

ಗರಿಯಾಹಾಟಿನ ಟೀ ಅಂಗಡಿಯಿಂದ ಹೊಸ ಭಾಂಡ್‌ಗಳು ಬಂದಿದ್ದವು. ಕೈಯಲ್ಲಿ ಮಾಡಿದವು, ಒಂದು ದಪ್ಪ, ಒಂದು ತೆಳು, ಒಂದಕ್ಕೆ ಅಂಚು ಸೊಟ್ಟ. ತೋಳಿನ ಬೆರಳು ದಪ್ಪದ್ದನ್ನ ಬೇಗ ಹಿಡಿಯುತ್ತೆ, ತೆಳುವಿಗೆ ತಡವರಿಸುತ್ತೆ. ಹಿಡಿತ ಸಿಕ್ಕಮೇಲೇ ಯಂತ್ರದ ಏಳು ಸೆಕೆಂಡು ಶುರು. ಶ್ರೀಕರನ ಎಣಿಕೆ ಕೂಡಿದ್ದು ನಿನ್ನೆಯ ಆ ಒಂದೇ ಭಾಂಡಿಗೆ. ಮಿಹಿರ್ ಸರ್ ಹುರುಪಿನಲ್ಲಿ ಅತಿಥಿಗಳಿಗೆ ಹೇಳಿದರು, “ಯಾವ ಭಾಂಡ್ ಬೇಕಾದರೂ ನೀವೇ ಆರಿಸಿ ಇಡಿ, ನಮ್ಮ ಯಂತ್ರ ಎಲ್ಲ ನೋಡ್ಕೊಳ್ಳುತ್ತೆ.”

ಒಬ್ಬ ಹೆಂಗಸು ಸೊಟ್ಟ ಅಂಚಿನದನ್ನೇ ಆರಿಸಿ ತಟ್ಟೆಯಲ್ಲಿಟ್ಟಳು.

ಶ್ರೀಕರ ಆ ಅಂಚನ್ನೇ ನೋಡಿದ. ವೈರು ಸರಿಮಾಡುವ ನೆಪದಲ್ಲಿ ನನ್ನ ಪಕ್ಕಕ್ಕೆ ಬಂದ.

“ರಂಗಣ್ಣ,” ಅಂದ. ಎರಡು ವರ್ಷದಲ್ಲಿ ಮೊದಲನೇ ಸಲ ಅಣ್ಣ. “ಕೆಂಪು ಬಟನ್ ಹತ್ರ ನೀನು ನಿಂತ್ಕೋ. ಇಲ್ಲಿ ಯಾರ ಕೈಯೂ ನಿನ್ನಷ್ಟು ಬೇಗ ಇಲ್ಲ. ತಪ್ಪಿದ್ರೆ ಒತ್ತಿ ತೋಳು ನಿಲ್ಲಿಸಿಬಿಡು.”

“ಕುಂಕುಮ ಯಾರು ಇಟ್ಟಿದ್ದು ಅಂತ ಇವರ ಮುಂದ ಹೇಳು. ನಿಂತ್ಕೋತೀನಿ.”

ಅವನು ಸೂಟುಗಳನ್ನ ನೋಡಿದ, ಮಿಹಿರ್ ಸರ್‌ನ ನೋಡಿದ. ಸರ್ ಅಷ್ಟರಲ್ಲೇ ಹಿಂದಿಯಲ್ಲಿ ಕೇಳಿದರು, “ಏನಂತೆ ಅವನದು?”

“ಏನಿಲ್ಲ ಸರ್,” ಶ್ರೀಕರ ಜೋರಾಗಿ ಅಂದ, “ನಮ್ಮ ಪ್ರೊಫೆಸರ್ ರೊಂಗೊದಾಗೆ ಮೊದಲ ಟೀ ಬೇಕಂತೆ.”

ಎಲ್ಲರೂ ನಕ್ಕರು. ಆ ನಗುವಿನ ಅಡಿಯಲ್ಲೇ ಅವನು ನನ್ನ ಅಂಗಿ ಹಿಡಿದುಕೊಂಡ.

“ಆಮೇಲೆ ಹೇಳ್ತೀನಿ, ಅಮ್ಮನ ಆಣೆ. ಈಗ ನಿಂತ್ಕೋತೀಯಲ್ವಾ?”

ಬಟನ್ ಹತ್ತಿರ ನಾನು ನಿಂತು, ಅವನ ಕೈ ಹೋದರೆ, ಫಿಟ್ಟರ್ ಅಲ್ಲೇ ಇದ್ದ ಅಂತಾರೆ. ಒಂಬತ್ತನೇ ಕ್ಲಾಸ್ ಫೇಲಾದವನು, ಬಟನ್ ಒತ್ತೋದು ಹೇಗೆ ಗೊತ್ತಾಗಬೇಕು ಅಂತಾರೆ. ನಾನು ನಿಲ್ಲದಿದ್ದರೂ ಹೋಗೋ ಕೈ ಅವನದೇ.

ಅವನ ಬೆರಳು ಒಂದೊಂದಾಗಿ ಬಿಡಿಸಿದೆ.

“ರಂಗಣ್ಣ, ನಿಂತ್ಕೋತೀಯಲ್ವಾ?”

ಕ್ಯಾಮೆರಾದವನು ದಾರಿ ಬಿಟ್ಟ. ನಾನು ಸೂಟುಗಳ ನಡುವೆ ಹಾದು, ಬಾಗಿಲು ದಾಟಿ, ಮೆಟ್ಟಿಲು ಇಳಿದೆ.